ಆಮೆಗೆ ವಿಭೂತಿ ಹಚ್ಚಬಾರದು

ನಮ್ಮ ಕಾಕಾ ಜೀವಮಾನದಲ್ಲಿ ಯಾರ ಆರೋಗ್ಯವನ್ನೂ ವಿಚಾರಿಸಿದವರಲ್ಲ. ಹೀಗೆಂದರೆ ಸುಳ್ಳು ಹೇಳಿದಂತಾದೀತು. ಒಬ್ಬರದನ್ನು ವಿಚಾರಿಸುತ್ತಾರೆ, ಅದೂ ಹೊತ್ತಿಲ್ಲ ಗೊತ್ತಿಲ್ಲ ಎನ್ನದೆ. ಆದರೆ ಆ ಒಬ್ಬರಿಗೆ ನಾಲ್ಕು ಕಾಲು, ಒಂದು ಮೋಟು ಬಾಲ, ಕಿವಿಯ ಜಾಗದಲ್ಲಿ ಎರಡು ಕೆಂಪು ಪಟ್ಟಿ, ಬೆನ್ನ ಮೇಲೆ ಊಟದ ತಟ್ಟೆಯಷ್ಟು ಅಗಲದ ಚಿಪ್ಪು ಇದೆ. ನಮಗೆಲ್ಲ ಚಿಪ್ಪಿಲ್ಲ, ಏನು ಮಾಡುವುದು!

ನಂಬಿಕೆ ಬಾರದಿದ್ದರೆ ಕೇಳಿ. ಒಮ್ಮೆ ಬೈಲಹೊಂಗಲದ ಬಸ್ ನಿಲ್ದಾಣದಲ್ಲಿ ಬಾಳೆಸಿಪ್ಪೆಯ ಮೇಲೆ ಕಾಲಿಟ್ಟು ನಾನು ಕಾಲು ಮುರಿದುಕೊಂಡು ದವಾಖಾನೆಯಲ್ಲಿ ಬಿದ್ದಿದ್ದೆ. ಕಾಕಾ ಕಿತ್ತೂರಿನಿಂದ ನೋಡಲು ಬಂದರು. ನೋಡಿದರು ಕೂಡ, ನನ್ನನ್ನಲ್ಲ, ನನ್ನ ತಲೆಯ ಮೇಲಿನ ಫ್ಯಾನನ್ನು. ಊರೂರಿನ ಬೋರ್‌ವೆಲ್ ಮೋಟಾರುಗಳಿಗೆ ರಿವೈಂಡಿಂಗ್ ಮಾಡಿ ಬದುಕಿದವರು ಅವರು. ತಿರುಗುವ ವಸ್ತು ನಿಧಾನವಾದರೆ ಅವರ ಜೀವಕ್ಕೆ ಸಮಾಧಾನವಿಲ್ಲ.

"ಏ ತಮ್ಮಾ, ಈ ಫ್ಯಾನಿಂದು ಕೆಪಾಸಿಟರ್ ಹೋಗೇತಲ್ಲೋ," ಎಂದು ಎದ್ದು ಹೋದರು. ಮರುದಿನ ಮತ್ತೆ ಬಂದರು. ಈ ಸಲವಾದರೂ ಕಾಲಿನ ಸುದ್ದಿ ಕೇಳುತ್ತಾರೆಂದು ನಾನು ನರಳುವ ಮುಖ ಸಿದ್ಧ ಮಾಡಿಕೊಂಡೆ. ಜೇಬಿನಿಂದ ಕೆಪಾಸಿಟರ್ ತೆಗೆದು, ನನ್ನ ಮಂಚವನ್ನೇ ಏಣಿ ಮಾಡಿಕೊಂಡು ಹತ್ತಿ, ಅದನ್ನು ಕೂಡಿಸಿ ಇಳಿದು ಹೋದರು. ಗಾಳಿ ಬಂತು, ಕಾಲಿನ ಸುದ್ದಿ ಬರಲಿಲ್ಲ.

ಇನ್ನು ನಾನು. ನಾನು ಹೈಸ್ಕೂಲ್ ಮಾಸ್ತರ, ಆದರೆ ಖಾಯಂ ನೌಕರಿ ಸಂಶಯಪಡುವುದು. ಹಾಲು ತೆಳ್ಳಗಿದ್ದರೆ ಗೌಳಿಯ ಮೇಲೆ ಸಂಶಯ, ಗಟ್ಟಿಯಿದ್ದರೆ ಇನ್ನೂ ಹೆಚ್ಚು ಸಂಶಯ. ಬಸ್ಸಿನ ಡ್ರೈವರ್ ಒಂದು ಸಲ ಆಕಳಿಸಿದರೆ ಮುಂದಿನ ಸ್ಟಾಪಿನಲ್ಲಿ ಇಳಿಯುವವರ ಪೈಕಿ ನಾನು. "ನಿಮಗ ಚಿಂತಿ ಇಲ್ಲ ಅನ್ನೂದss ಒಂದು ದೊಡ್ಡ ಚಿಂತಿ," ಎನ್ನುತ್ತಾಳೆ ನನ್ನ ಹೆಂಡತಿ. ಅವಳು ಹೀಗೆ ಯಾಕೆ ಹೇಳುತ್ತಾಳೆ ಎಂಬುದರ ಮೇಲೂ ನನಗೆ ಸ್ವಲ್ಪ ಸಂಶಯವಿದೆ.

ಇಂಥ ನನ್ನ ಕಾಕಾನ ಮನೆಗೆ ಆಮೆ ಬಂದದ್ದು ಒಬ್ಬ ಬಾಡಿಗೆದಾರನ ಕೃಪೆಯಿಂದ. ಆತ ಬ್ಯಾಂಕಿನವನು. ಯಾವುದೋ ಪೇಟೆಯಿಂದ ಕೊಂಡು ತಂದಿದ್ದ ಅಂಗೈಯಗಲದ ಆಮೆಯನ್ನು "ಒಂದು ವಾರ ನೋಡಿಕೊಳ್ಳಿ" ಎಂದು ಕೊಟ್ಟು ಊರಿಗೆ ಹೋದವನಿಗೆ ಅಲ್ಲಿಂದಲೇ ವರ್ಗವಾಯಿತು. ಸಾಮಾನು ಒಯ್ಯಲು ಲಾರಿ ಬಂತು. ಕುರ್ಚಿ ಹೋಯಿತು, ಕಪಾಟು ಹೋಯಿತು, ತುಳಸಿ ಕುಂಡ ಕೂಡ ಹೋಯಿತು. ಆಮೆ ಉಳಿಯಿತು!

ಸುದ್ದಿ ಕೇಳಿದ ಕೂಡಲೇ ನಾನು ಓಡಿದೆ. ಆಮೆ ಸಾಕಿದರೆ ಜೈಲೆಂದು ಎಲ್ಲೋ ಓದಿದ್ದೆ. ವಯಸ್ಸಾದ ಕಾಲಕ್ಕೆ ಕಾಕಾನಿಗೆ ಬೇಡಿ ಬಿದ್ದರೆ ಜಾಮೀನಿಗೆ ಸಹಿ ಹಾಕಬೇಕಾದವನು ನಾನೇ ಅಲ್ಲವೆ?

"ಅದು ನಮ್ಮ ಕಾಡಿನ ಆಮಿಗಳ ಮಾತೋ ಶ್ಯಾಣ್ಯಾ. ಇದು ಪರದೇಶದ್ದು," ಎಂದರು ಕಾಕಾ. "ಅರಣ್ಯ ಇಲಾಖ್ಯಾಗ ಕೇಳಿ ಹೆಸರು ಹಚ್ಚಿಸೇನಿ."

"ಹಂಗಾದ್ರ ಹೊಳಿಗೆ ಬಿಟ್ಟುಬಿಡ್ರಿ ಕಾಕಾ. ಸವದತ್ತಿ ಕಡೆ ಹೋದಾಗ ಮಲಪ್ರಭಾದಾಗ..."

"ಪರದೇಶದ್ದನ್ನ ತಂದು ನಮ್ಮ ಹೊಳ್ಯಾಗ ಬಿಟ್ರ ಅಲ್ಲಿ ಹುಟ್ಟಿದ ಆಮಿ ಏನ್ ತಿನ್ನಬೇಕು? ನಿನ್ನ ತಲಿ?"

ನನ್ನ ತಲೆಯನ್ನು ಆಮೆಗಳಿಗೆ ಬಿಟ್ಟುಕೊಡುವ ಮನಸ್ಸಿಲ್ಲದೆ ಮಲಪ್ರಭಾದ ಮಾತು ಕೈಬಿಟ್ಟೆ.

ಅಂದಿನಿಂದ ಶುರುವಾಯಿತು ಆರೈಕೆ. ಹಿಂದೆ ಎತ್ತುಗಳು ನೀರು ಕುಡಿಯುತ್ತಿದ್ದ ಕಲ್ಲಿನ ಬಾನಿ ಆಮೆಯ ಅರಮನೆಯಾಯಿತು. ಹಳೆಯ ಕೂಲರಿನ ಪಂಪು ಕೂಡಿಸಿ, ನೀರು ಸದಾ ಸೋಸಿ ಸುತ್ತುವ ವ್ಯವಸ್ಥೆಯಾಯಿತು. ಮನೆಯ ನಲ್ಲಿಗೆ ನೀರು ಬಾರದ ದಿನವೂ ಆಮೆಗೆ ನೀರಿನ ಕೊರತೆಯಿಲ್ಲ. ನಡುವೆ ಹತ್ತಿ ಕೂರಲು ಒಂದು ಚಪ್ಪಟೆ ಕಲ್ಲು. ಊಟಕ್ಕೆ ನುಗ್ಗೆಸೊಪ್ಪು, ರಾಜಗಿರಿ ಸೊಪ್ಪು, ಆಗೀಗ ಸಣ್ಣ ಮೀನು. ಮೀನು ತಂದ ದಿನ ಕಾಕು, ಅಂದರೆ ಕಾಕಾನ ಹೆಂಡತಿ, ಮೂಗಿಗೆ ಸೆರಗು ಹಿಡಿದು ಹಿತ್ತಲ ಕಡೆ ಹಾಯುವುದೇ ಇಲ್ಲ. ಆಕೆಯದು ಈರುಳ್ಳಿಗೂ ಹಬ್ಬದ ದಿನ ರಜೆ ಕೊಡುವ ಅಡುಗೆಮನೆ.

ಬೆಳಿಗ್ಗೆ ಎಳೆಬಿಸಿಲಿಗೆ ಆಮೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಕಾಕಾ ಮಾಳಿಗೆ ಹತ್ತುತ್ತಾರೆ. "ಕಿಡಕಿ ಗಾಜಿನೊಳಗಿಂದ ಬಿಸಲು ಬರತೈತಲ್ರಿ, ಅಲ್ಲೇ ಇಡ್ರಿ," ಎಂದು ನಾನೊಮ್ಮೆ ಸಲಹೆ ಕೊಟ್ಟೆ.

"ಗಾಜು ಬಿಸಲಿನ ಸತ್ವ ತಡೀತೈತಿ. ಸತ್ವ ಹೋದ ಬಿಸಲು ತಗೊಂಡು ಚಿಪ್ಪು ಗಟ್ಟಿ ಆಗೂದು ಹೆಂಗ?"

ಕಾಕು ಅಡುಗೆಮನೆಯಿಂದಲೇ ಕೂಗಿದರು: "ಮದಿವ್ಯಾದಾಗಿಂದ ಒಂದಿನ ನನಗ ಬಿಸಲಿಗೆ ಕುಂದ್ರು ಅಂದಿಲ್ಲ ಈ ಮನಶ್ಯಾ! ನನಗೂ ಒಂದು ಚಿಪ್ಪು ಇದ್ದಿದ್ರ ಚಲೋ ಇತ್ತು ನೋಡಪಾ."

ಆದರೆ ಆಮೆಯ ಆರೋಗ್ಯಕ್ಕೆ ದೊಡ್ಡ ಗಂಡಾಂತರ ಬಂದದ್ದು ರೋಗದಿಂದಲ್ಲ, ಭಕ್ತಿಯಿಂದ! ನಮ್ಮ ಕಡೆ ಗುಡಿಗಳಲ್ಲಿ ನಂದಿಯ ಮುಂದೆ ನೆಲದ ಕಲ್ಲಿನಲ್ಲಿ ಆಮೆ ಕೆತ್ತಿರುತ್ತಾರೆ. ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಹೋಗುವುದು ಪದ್ಧತಿ. ಅಂಥ ಊರಿನಲ್ಲಿ ಜೀವಂತ ಆಮೆ ಕಣ್ಣು ಪಿಳುಕಿಸುತ್ತ ಕೂತರೆ ಜನ ಬಿಟ್ಟಾರೆಯೆ? ಒಬ್ಬರು ಕುಂಕುಮ, ಒಬ್ಬರು ಅಕ್ಷತೆ. ಪಂಚಮಿಗೆ ಯಾರೋ ಎಳ್ಳುಂಡೆಯನ್ನೇ ನೀರಿಗೆ ಬಿಟ್ಟು ಹೋದರು. ಒಂದು ದಿನ ಓಣಿಯ ಮುದುಕಿ ಆಯಿ ಕಾಕಾನ ಕೈಗೆ ಸಿಕ್ಕಿಬಿದ್ದಳು.

"ಏ ಆಯೀ, ಅದರ ಬೆನ್ನಿಗೆ ಏನ್ ಹಚ್ಚಾಕ ಹತ್ತೀದಿ?"

"ವಿಭೂತಿ ಹಚ್ಚೇನಪಾ. ಗುಡ್ಯಾಗಿನ ಕಲ್ಲಿನ ಆಮಿಗೆ ಕೈ ಮುಗೀತೇವಿ, ಜೀವ ಇದ್ದದ್ದಕ್ಕ ಮುಗೀಬಾರದೇನು?"

"ಕಲ್ಲಿನ ಆಮಿಗೆ ಕಣ್ಣುರಿ ಬರಂಗಿಲ್ಲ, ಇದಕ್ಕ ಬರತೈತಿ! ಹಚ್ಚಿದ್ದೆಲ್ಲಾ ನೀರಾಗ ಕರಗತೈತಿ, ನೀರು ಕೆಡತೈತಿ, ಚಿಪ್ಪು ಕೊಳೀತೈತಿ. ಆಮ್ಯಾಲ ದವಾಖಾನಿಗೆ ನಿನ್ನ ದೇವರು ಬರತಾನೇನು?"

"ದವಾಖಾನಿ ಮೆಟ್ಟಲಾ ಹತ್ತೂದು ಬರಬಾರದಂತನ ಹಚ್ಚೂದೋ ಹುಚ್ಚಾ," ಎಂದಳು ಆಯಿ, ಒಂದಿಷ್ಟೂ ಅಳುಕದೆ.

ಮರುದಿನ ಬಾನಿಯ ಮೇಲೆ ಬೋರ್ಡು ಬಂತು. ಬೋರ್‌ವೆಲ್ ಮೋಟಾರಿನ ಕೆಂಪು ಬಣ್ಣದಲ್ಲಿ, ಕಾಕಾನ ದಪ್ಪಕ್ಷರದಲ್ಲಿ: "ಆಮೆಗೆ ವಿಭೂತಿ ಹಚ್ಚಬಾರದು. ಮುಟ್ಟಿದವರು ಸಾಬೂನು ಹಚ್ಚಿ ಕೈ ತೊಳೆದುಕೊಳ್ಳತಕ್ಕದ್ದು." ಸ್ವಂತ ಹಣೆಗೇ ವರ್ಷಕ್ಕೊಂದೆರಡು ಹಬ್ಬದಂದು, ಅದೂ ಕಾಕು ಗದರಿದರೆ ವಿಭೂತಿ ಹಚ್ಚುವ ಮನುಷ್ಯ ಇವರು. ಆಮೆಗೆ ಹಚ್ಚಲು ಬಿಟ್ಟಾರೆ? ಆ ಬೋರ್ಡಿನ ಮೇಲೆ ನನಗೆ ಮಾತ್ರ ಯಾವ ಸಂಶಯವೂ ಬರಲಿಲ್ಲ. ಬರಬೇಕಿತ್ತು!

ಹೀಗಿರುವಾಗ ಒಂದು ಬೆಳಿಗ್ಗೆ ಗಡ್ಡ ಕೆರೆಯುತ್ತಿದ್ದಾಗ ದವಡೆಯ ಕೆಳಗೆ ಕಡಲೆಕಾಳಿನಷ್ಟು ಗಂಟೊಂದು ಬೆರಳಿಗೆ ಸಿಕ್ಕಿತು. ಬೈಲಹೊಂಗಲದ ಡಾಕ್ಟರು ಒತ್ತಿ ನೋಡಿ, "ಏನೂ ಇರಲಿಕ್ಕಿಲ್ಲ. ಆದರೂ ಬೆಳಗಾವಿಗೆ ಹೋಗಿ ತಪಾಸಣೆ ಮಾಡಿಸ್ರಿ," ಎಂದರು. ಆ "ಆದರೂ" ಎಂಬ ಮೂರಕ್ಷರವಿದೆಯಲ್ಲ, ಅದು ನನ್ನಂಥವನಿಗೆ ಸಾಕು. ಬೆಳಗಾವಿಯಲ್ಲಿ ಸೂಜಿ ಚುಚ್ಚಿ ಗಂಟಿನ ಚೂರು ತೆಗೆದುಕೊಂಡರು. ವರದಿ ಬರಲು ಒಂದು ವಾರವೆಂದರು. ನಾನು ಮನಸ್ಸಿನಲ್ಲೇ ನನ್ನ ಫೋಟೋಕ್ಕೆ ಹಾರ ಹಾಕಿ, ಹಾರ ಸ್ವಲ್ಪ ಸೊಟ್ಟಗಾಯಿತೆಂದು ಸರಿ ಕೂಡ ಮಾಡಿದೆ.

"ಯಾರಿಗೂ ಹೇಳಬ್ಯಾಡ," ಎಂದು ಹೆಂಡತಿಗೆ ತಾಕೀತು ಮಾಡಿದೆ. "ಕಾಕಾಗಂತೂ ಬ್ಯಾಡss ಬ್ಯಾಡ. ಅವರೇನು ಕೇಳೂ ಮಂದಿ ಅಲ್ಲ, ಹೇಳಿ ಉಪಯೋಗೇನು?"

"ನಾ ಯಾಕ ಹೇಳಲಿ? ನಿಮ್ಮಾಣಿ ಹೇಳಂಗಿಲ್ಲ," ಎಂದಳು, ನನ್ನ ಮಾತು ಮುಗಿಯುವ ಮುಂಚೆಯೇ.

ಮರುದಿನ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಗಂಟು ಎಷ್ಟು ಬೆಳೆದಿದೆಯೆಂದು ಒತ್ತಿ ನೋಡುತ್ತಿದ್ದೆ. ಫೋನು ರಿಂಗಾಯಿತು. ಕಾಕಾ! ಕರೆಂಟು ಹೊಡೆದಾಗಲೂ ತಾವಾಗಿ ಫೋನು ಮಾಡದ ಮನುಷ್ಯ!

"ತಮ್ಮಾ, ಆಮಿ ಕಣ್ಣು ಬಾತಾವೋ. ತಗೀವಲ್ದು. ನಿನ್ನ ಮೊಬೈಲಿನ್ಯಾಗ ಏನರ ಐತೇನು ನೋಡು."

ಇಲ್ಲಿ ನನ್ನ ಕಣ್ಣೇ ಮುಚ್ಚುವ ಹೊತ್ತು ಬಂದಿದೆ, ಇವರಿಗೆ ಆಮೆಯ ಕಣ್ಣು! ಸಿಟ್ಟು ಬಂತು. ಆದರೂ ನೋಡಿದೆ. ಚಿಂತೆ ಮಾಡುವವನ ಮುಂದೆ ಚಿಂತೆ ಇಟ್ಟರೆ ಬಿಡುತ್ತಾನೆಯೆ? ಎ ಜೀವಸತ್ವದ ಕೊರತೆಯಿದ್ದರೆ ಹೀಗಾಗುತ್ತದೆಂದು ತಿಳಿದು, ಗಜ್ಜರಿ ತುರಿದು ಹಾಕಲು ಹೇಳಿದೆ. ಸಂಜೆಗೆ ಮತ್ತೆ ಫೋನು. ಈ ಸಲ ಚಿಪ್ಪಿನ ಅಂಚು ಮೆತ್ತಗಾಗಿತ್ತು. ಮರುದಿನ ಮೂಗಿನಿಂದ ಗುಳ್ಳೆ. ಅದರ ಮರುದಿನ "ಒಂದss ಕಡೆ ವಾಲಿ ಈಜಾಕ ಹತ್ತೇತೋ."

"ಕಾಕಾ, ಅದು ಪುಪ್ಪುಸದ ಥಂಡಿ! ಬೆಚ್ಚಗಿಡ್ರಿ, ಲಗೂನ ದನದ ಡಾಕ್ಟರಿಗೆ ತೋರಸ್ರಿ!"

"ಹೌದೇನು? ಇನ್ನಷ್ಟು ಓದಿ ಹೇಳು. ಪೂರ್ತಿ ಓದು, ಅರ್ಧಕ್ಕ ಬಿಡಬ್ಯಾಡ."

ಪೂರ್ತಿ ಓದಿದೆ. ತರಗತಿಯಲ್ಲಿ ಚಾಲುಕ್ಯರ ಪಾಠ ಮಾಡುತ್ತಲೂ ಆಮೆಯ ಪುಪ್ಪುಸವನ್ನೇ ಯೋಚಿಸಿದೆ. ಗಂಟು ಮುಟ್ಟಿ ನೋಡುವುದು ಎರಡು ದಿನ ಮರೆತೇಹೋಗಿತ್ತು. ಆದರೆ ಸಂಶಯವೆಂಬ ಹುಳ ಸುಮ್ಮನಿರಬೇಕಲ್ಲ? ಒಂದು ಜನ್ಮದಲ್ಲಿ ಒಂದು ಆಮೆಗೆ ಬರುವಷ್ಟು ರೋಗ ಒಂದೇ ವಾರದಲ್ಲಿ ಬರುವುದು ಹೇಗೆ? ಕಣ್ಣೇ ತೆರೆಯದ ಆಮೆ ನಿನ್ನೆ ಕಾಕುವಿನ ಕೈಯಿಂದ ನುಗ್ಗೆಸೊಪ್ಪು ಕಸಿದುಕೊಂಡಿತೆಂದು ಬಾಯಿತಪ್ಪಿ ಹೇಳಿದರಲ್ಲ, ಅದು ಹೇಗೆ?

ಯೋಚಿಸಿ ಯೋಚಿಸಿ ಕೊನೆಗೆ ಹೊಳೆಯಿತು. ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ತಟ್ಟನೆ ಹೇಳುವುದಿಲ್ಲ. ಮೊದಲು "ಮೈಯಾಗ ಆರಾಮಿಲ್ಲ", ಆಮೇಲೆ "ಭಾಳ ಸೀರಿಯಸ್ ಅದಾರ", ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಾರೆ. ಆಮೆ ಯಾವತ್ತೋ ಸತ್ತಿದೆ! ಕಾಕಾ ನನ್ನನ್ನು ಮೆಟ್ಟಿಲು ಇಳಿಸುತ್ತಿದ್ದಾರೆ!

ವರದಿಯ ದಿನ ಬೆಳಗಾವಿಗೆ ಒಬ್ಬನೇ ಹೋದೆ. ಡಾಕ್ಟರು ನೋಡಿ, "ಸಾದಾ ಗಂಟು, ಏನೂ ಅಲ್ಲ. ಆರಾಮ ಹೋಗ್ರಿ," ಎಂದರು. ನಾನು ಹೊರಗೆ ಬಂದು ಕೌಂಟರಿನ ಹುಡುಗಿಯನ್ನು, "ಇದು ಖರೇ ನಂದss ಏನವಾ?" ಎಂದು ಕೇಳಿದೆ. ಅವಳು ಹೆಸರು ತೋರಿಸಿದಳು. ಹೆಸರು ನನ್ನದೇ. ಅದೇ ಹೆಸರಿನ ಇನ್ನೊಬ್ಬನಿದ್ದರೆ? ವಯಸ್ಸೂ ನನ್ನದೇ! ಖುಷಿಗೆ ಒಂದು ಡಬ್ಬಿ ಕುಂದಾ ಕೊಂಡೆ. ಆದರೂ ವರದಿಯ ಒಂದೊಂದು ಶಬ್ದದ ಅರ್ಥ ಖಾತ್ರಿಯಾಗದೆ ಹೆಂಡತಿಗೆ ಹೇಳುವುದು ಬೇಡವೆಂದು ಬಸ್ಸಿನಲ್ಲಿ ಮೊಬೈಲು ಹುಡುಕುತ್ತ ಕೂತೆ. ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಯ ಕಾಕಂಬಿ ವಾಸನೆ ಮೂಗಿಗೆ ಬಡಿಯುವ ಹೊತ್ತಿಗೆ ಎಲ್ಲ ಖಾತ್ರಿಯಾಗಿತ್ತು, ಮೊಬೈಲಿನ ಬ್ಯಾಟರಿ ಸತ್ತಿತ್ತು.

ಸತ್ತದ್ದು ನೆನಪಾದೊಡನೆ ಆಮೆ ನೆನಪಾಯಿತು. ಕಿತ್ತೂರಿನಲ್ಲಿ ಇಳಿದುಬಿಟ್ಟೆ. ಬಾಗಿಲಲ್ಲಿ ಇನ್ನೊಂದು ಫಜೀತಿ. ಸಾವಿನ ಮನೆಗೆ ಸಿಹಿ ಒಯ್ಯುವುದುಂಟೆ? ಕುಂದಾದ ಡಬ್ಬಿಯನ್ನು ಚೀಲದ ತಳಕ್ಕೆ ತುರುಕಿ, ಮುಖ ಸಣ್ಣದು ಮಾಡಿಕೊಂಡು ಹಿತ್ತಲಿಗೆ ಹೋದೆ.

ಆಮೆ ಕಲ್ಲಿನ ಮೇಲೆ ಕಾಲು ಚಾಚಿ ಬಿಸಿಲು ಕಾಯುತ್ತಿತ್ತು! ಕಣ್ಣು ಗುಲಗಂಜಿಯ ಹಾಗೆ ಹೊಳೆಯುತ್ತಿತ್ತು. ಹೊಸ ಆಮೆ ತಂದು ನನ್ನ ಕಣ್ಣಿಗೆ ಮಣ್ಣೆರಚುತ್ತಿದ್ದಾರೆಯೆ? ಬಗ್ಗಿ ನೋಡಿದೆ. ಚಿಪ್ಪಿನ ಅಂಚಿನಲ್ಲಿ ಮೊದಲಿನಿಂದಲೂ ಇದ್ದ ಕಚ್ಚು ಇತ್ತು. ಅದೇ ಆಮೆ. ಆದರೆ ಬೆನ್ನ ಮೇಲೆ ಇನ್ನೊಂದು ಗುರುತಿತ್ತು. ಕೆಂಪು ಬೋರ್ಡಿನ ಕೆಳಗೇ, ಚಿಪ್ಪಿಗೆ ಅಡ್ಡಲಾಗಿ, ಮೂರು ಬೆರಳಿನ ಬಿಳಿಯ ವಿಭೂತಿ!

ಕಾಕಾ ಪಂಪಿನ ಪಕ್ಕದಿಂದ ಎದ್ದರು. ನನ್ನ ಮುಖ ನೋಡಿದರು, ಕಣ್ಣು ತಪ್ಪಿಸಿದರು. "ಯಾವಾಗ ಬಂದಿ?"

"ಈಗ. ಕಾಕಾ, ಇದಕ್ಕ ವಿಭೂತಿ ಯಾರು ಹಚ್ಚಿದ್ರು?"

"ಯಾವ ಹುಚ್ಚಪ್ಯಾಲಿ ಹಚ್ಚೈತೋ ಏನೋ! ಬೋರ್ಡ್ ಓದೂ ಮಂದಿ ಎಲ್ಲದಾರ ಈ ಊರಾಗ?" ಎಂದು ಕೈ ಎತ್ತಿ ಓಣಿಯ ಕಡೆ ಬೀಸಿದರು. ಎತ್ತಿದ ಬಲಗೈಯ ಮೂರು ಬೆರಳು ಬೆಳ್ಳಗಿದ್ದವು.

ಅಷ್ಟರಲ್ಲಿ ಒಳಗೆ ಫೋನು ರಿಂಗಾಯಿತು. ಕಾಕುವಿನ ದನಿ ಕೇಳಿತು. "ಇಲ್ಲವಾ, ಅಳಬ್ಯಾಡ, ಫೋನ್ ಬಂದ್ ಆಗಿರತೈತಿ... ಅಯ್ಯ, ಇಲ್ಲೇ ಹಿತ್ತಲದಾಗ ನಿಂತಾನಲ್ಲ! ಏ ತಮ್ಮಾ, ಕೊಳ್ಳಾಗಿನ ಗಂಟಿಂದು ಏನಾತಂತ ಕೇಳಾಕ ಹತ್ಯಾಳೋ ನಿನ್ನ ಹೇಂತಿ! ವಾರಾತು, ನಿಮ್ಮ ಕಾಕಾ ಒಂದಿನ ನೆಟ್ಟಗ ಉಂಡಿಲ್ಲ. ಆರಾಮಿದ್ದ ಆಮಿಗೆ ದಿನಾ ಒಂದು ರೋಗ ಹಚ್ಚಿ ನಿನಗ ಫೋನ್ ಮಾಡೂದೊಂದss ಕೆಲಸ. ಏನಾತು ಹೇಳೋ ಲಗೂ!"

ಕಾಕಾ ನನ್ನ ಕಡೆ ನೋಡಲಿಲ್ಲ. ಆಮೆಯನ್ನೇ ನೋಡುತ್ತ ನಿಂತಿದ್ದರು.

"ಏನೂ ಇಲ್ಲಂತ," ಎಂದೆ ಜೋರಾಗಿ. "ಸಾದಾ ಗಂಟಂತ."

ಒಳಗೆ ಕಾಕು ಅತ್ತದ್ದೋ ನಕ್ಕದ್ದೋ ತಿಳಿಯಲಿಲ್ಲ. ನಾನು ಚೀಲದ ತಳದಿಂದ ಕುಂದಾದ ಡಬ್ಬಿ ತೆಗೆದು ಬಾನಿಯ ಕಟ್ಟೆಯ ಮೇಲಿಟ್ಟೆ. ಕಾಕಾ ಆಮೆಯನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡು, ನನಗೆ ಬೆನ್ನು ಮಾಡಿ ಕೂತು, ಮೆತ್ತನೆಯ ಹಲ್ಲಿನ ಬ್ರಷ್ಷು ನೀರಿಗದ್ದಿ ಚಿಪ್ಪು ತಿಕ್ಕತೊಡಗಿದರು.

"ವಿಭೂತಿ ಇದಕ್ಕ ಚಲೋ ಅಲ್ಲೋ," ಎಂದರು. ದನಿ ಸ್ವಲ್ಪ ವಾಲಿ ಈಜುತ್ತಿತ್ತು.

ಎರಡು ತಿಕ್ಕಿಗೇ ವಿಭೂತಿ ಹೋಗಿತ್ತು. ಕಾಕಾ ಬಹಳ ಹೊತ್ತು ತಿಕ್ಕುತ್ತಲೇ ಇದ್ದರು.