ಕಾಕಾನ ‘ಸಾರಿ’ ಕ್ಲಾಸು

ಇಡೀ ಅಹಮದಾಬಾದಿನಲ್ಲಿ ‘ಸಾರಿ’ ಎಂಬ ಇಂಗ್ಲಿಷ್ ಶಬ್ದವನ್ನು ಅರೆದು ಕುಡಿದವರು ನಮ್ಮ ಕಾಕಾ. ಅದನ್ನು ಬಾಯಿಂದ ಹೊರಗೆ ಬಿಡದವರೂ ಅವರೇ!

ಕಾಕಾ ಎಂದರೆ ನಮ್ಮಪ್ಪನ ತಮ್ಮ. ವಿಮಾ ಕಚೇರಿಯ ವರ್ಗಾವಣೆಯಲ್ಲಿ ಧಾರವಾಡದಿಂದ ಅಹಮದಾಬಾದಿನ ಮಣಿನಗರಕ್ಕೆ ಬಂದವರು ನಿವೃತ್ತಿಯ ನಂತರವೂ ಅಲ್ಲೇ ಉಳಿದರು. ಗುಜರಾತಿಯಲ್ಲೂ ಕಾಕಾ ಎಂದರೆ ಕಾಕಾನೇ ಆದ್ದರಿಂದ ಅವರ ವಸತಿ ಸೊಸೈಟಿಗೆಲ್ಲ ಪುಕ್ಕಟೆ ಕಾಕಾ ಆಗಿಬಿಟ್ಟರು. ಸುಮ್ಮನೆ ಕೂರುವ ಜಾಯಮಾನವೇ ಅವರದು? ಪಾರ್ಕಿಂಗ್ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿ, ನೆರೆಯ ಹೆಂಗಸರಿಗೆ ಭಾನುವಾರದ ಇಂಗ್ಲಿಷ್ ಕ್ಲಾಸು ಶುರುಮಾಡಿದರು. ತಿಂಗಳಿಗೆ ಒಂದೇ ಶಬ್ದ. ‘ಸಾರಿ’ಗೆ ಮಾತ್ರ ಮೂರು ತಿಂಗಳು ಹಿಡಿಯಿತು!

ವಡೋದರಾದಲ್ಲಿ ಕೆಲಸಕ್ಕಿದ್ದ ನಾನು ರೈಲು ಹತ್ತಿ ಹೋಗಿ ಹಿಂದಿನ ಕುರ್ಚಿಯಲ್ಲಿ ಕೂರುತ್ತಿದ್ದೆ. ಕಾಲು ತುಳಿದರೆ ಸಾರಿ. ಮಾತು ಕೇಳಿಸದಿದ್ದರೆ, ದನಿ ಏರಿಸಿ, ಸಾರಿ? ಯಾರಾದರೂ ತೀರಿಕೊಂಡಿದ್ದರೆ, ದನಿ ಇಳಿಸಿ, ಸಾರಿ. ಕೊಡಲಾಗದ್ದನ್ನು ಕೇಳಿದರೆ, ನಗುತ್ತ, ಸಾರಿ!

ಒಮ್ಮೆ ಹೀಗೆ ಕೈಬೀಸಿ ಪಾಠ ಹೇಳುವಾಗ, ಗುಟುಕು ಹೀರಿ ಇಟ್ಟಿದ್ದ ಎದುರು ಮನೆಯಾಕೆಯ ಚಹಾದ ಕಪ್ಪಿಗೆ ಕೈ ತಗುಲಿ ಅಷ್ಟೂ ನೆಲದ ಪಾಲಾಯಿತು. ಗಾಬರಿಯಲ್ಲಿ ಕಾಕಾನ ಬಾಯಿಂದ “ಸಾರಿ, ಸಾರಿ!” ಎಂದು ಬಂದೇಬಿಟ್ಟಿತು. ಗುಜರಾತಿಯಲ್ಲಿ ‘ಸಾರಿ’ ಎಂದರೆ ಒಳ್ಳೆಯದು ಎಂದರ್ಥ. ನಮ್ಮ ಧಾರವಾಡದ ನಾಲಿಗೆಯ ಇಂಗ್ಲಿಷಿಗೂ ಅದಕ್ಕೂ ಏನು ವ್ಯತ್ಯಾಸ? ಚಹಾ ಚೆನ್ನಾಗಿದೆ ಎಂದರೆಂದು ಆಕೆ ಹಿಗ್ಗಿ, ಇನ್ನೊಂದು ಕಪ್ ತಂದಿಟ್ಟಳು!

“ನನಗ ಒಮ್ಮೆರೆ ಸಾರಿ ಅಂದೀರೇನು?” ಎಂದು ಅಂದು ಊಟಕ್ಕೆ ಬಡಿಸುತ್ತ ಕಾಕು, ಅಂದರೆ ನಮ್ಮ ಚಿಕ್ಕಮ್ಮ, ಕೇಳಿದರು.

“ಗಂಡ-ಹೆಂಡ್ತಿ ನಡುವ ಅದನ್ನ ಬಳಸೂದಿಲ್ಲ. ಗ್ರಾಮರ್ ತಪ್ಪಾಗತದ!”

ನನಗೆ ವರ ಹುಡುಕಿದವರೂ ಇದೇ ಕಾಕಾ. ಸೂರತ್‌ನಲ್ಲಿ ನೆಲೆಸಿದ ನಮ್ಮ ಕಡೆಯ ಮನೆತನ. “ಸ್ವಲ್ಪ ವಿಚಾರಸ್ರಿ ಕಾಕಾ” ಎಂದೆ. “ನಾ ನೋಡೀನಲ್ಲ? ಹುಡುಗ ಅಪ್ಪಟ ಬಂಗಾರ!” ಎಂದರು. ಅಲ್ಲಿಗೆ ನಿಶ್ಚಯವಾಯಿತು, ಲಗ್ನಪತ್ರಿಕೆಗಳನ್ನೂ ಹಂಚಿದ್ದಾಯಿತು.

ಮದುವೆಗೆ ಹನ್ನೆರಡು ದಿನವಿರುವಾಗ ಆ ಹುಡುಗನಿಂದ ಮೊಬೈಲಿಗೆ ಸಂದೇಶ ಬಂತು. ತನಗೆ ಬೇರೊಬ್ಬಳ ಮೇಲೆ ಮನಸ್ಸಿದೆ, ಮನೆಯವರಿಗೂ ಮೊದಲಿನಿಂದ ಗೊತ್ತಿತ್ತು, ಈ ಮದುವೆ ಬೇಡ. ಕೊನೆಗೊಂದು ಶಬ್ದ, ಸಾರಿ.

ಮೊಬೈಲ್ ಹಿಡಿದುಕೊಂಡು ಕೂತೇ ಇದ್ದೆ. ಇದು ಯಾವ ಸಾರಿ? ಕಾಲು ತುಳಿದವರದೋ, ಸಾವಿನ ಮನೆಗೆ ಬಂದವರದೋ? ಬಂಧುಗಳೆಲ್ಲ ಫೋನ್ ಮಾಡಿ ತಲೆಗೊಂದು ಸಾರಿ ಹೇಳಿದರು. ಕಾಕಾನ ಫೋನ್ ಮಾತ್ರ ಬರಲಿಲ್ಲ. ಹುಡುಗನಿಗಿಂತ ಅವರ ಮೇಲೆಯೇ ನನಗೆ ಹೆಚ್ಚು ಸಿಟ್ಟು ಬಂತು.

ಮೂರನೆಯ ದಿನ ಬೆಳಿಗ್ಗೆ ಕರೆಗಂಟೆ ಸದ್ದಾಯಿತು. ಬಾಗಿಲು ತೆರೆದರೆ ಕಾಕಾ. ಇಸ್ತ್ರಿಯಿಲ್ಲದೆ ಹೊರಗೆ ಕಾಲಿಡದ ಮನುಷ್ಯ ಮುದುಡಿದ ಅಂಗಿಯಲ್ಲೇ ರೈಲು ಹತ್ತಿ ಬಂದಿದ್ದರು. ಹೊಸ್ತಿಲ ಆಚೆಗೇ ನಿಂತು ಹೇಳಿದರು.

“ತಪ್ಪಾತವಾ. ನೀ ವಿಚಾರಸ್ರಿ ಅಂದಿದ್ದಿ. ನಾ ವಿಚಾರಸಲಿಲ್ಲ.”

ಅಷ್ಟು ಹೇಳಿ, ಅಪ್ಪನ ವಯಸ್ಸಿನ ಆ ಮನುಷ್ಯ ನನಗೆ ಕೈಮುಗಿಯಲು ಹೋದರು. ಆ ಕೈಗಳನ್ನು ಅಲ್ಲೇ ಹಿಡಿದುಕೊಂಡುಬಿಟ್ಟೆ. ಮೂರು ದಿನ ಬಾರದಿದ್ದ ಅಳು ಆಗ ಬಂತು.