ಜಲಾಶಯದ ತಳದಲ್ಲಿ ಒಂದು ಖಾಯಂ ಹುದ್ದೆ

ಜಲಾಶಯ ನಿರ್ವಹಣಾ ಮಂಡಳಿಯ ಖಾಯಂ ನೌಕರರೊಬ್ಬರು ಕಳೆದ ವರ್ಷದಿಂದ ಜಲಾಶಯದ ತಳದಲ್ಲಿ ಕರ್ತವ್ಯ ನಿರ್ವಹಿಸುತ್ತಿದ್ದಾರೆ. ಅವರ ಹಾಜರಿ ಪೂರ್ಣವಾಗಿದೆ, ನಡತೆ ತೃಪ್ತಿಕರವಾಗಿದೆ, ಸಾರ್ವಜನಿಕರಿಂದ ಅವರ ಮೇಲೆ ಒಂದು ದೂರೂ ಬಂದಿಲ್ಲ. ಮಂಡಳಿಯಲ್ಲಿ ಇಂಥ ಹೆಸರು ಇನ್ನೊಬ್ಬರಿಗಿಲ್ಲ. ಆದರೂ ಊರಿನ ಕೆಲವರು ಬಾಯಿಗೆ ಬಂದಂತೆ ಮಾತಾಡುತ್ತಿರುವುದರಿಂದ, ಮಂಡಳಿಯ ಗುಮಾಸ್ತನಾದ ನಾನು ನಡೆದದ್ದನ್ನು ನಡೆದಂತೆ ತಿಳಿಸಬೇಕಾಗಿದೆ.

ಜಲಾಶಯದ ತಳದಲ್ಲಿ ನೀರು ಹೊರಗೆ ಹೋಗುವ ಬಾಯಿಗೆ ಕಬ್ಬಿಣದ ಜಾಲರಿಯೊಂದಿದೆ. ಅದಕ್ಕೆ ಏನೋ ಸಿಕ್ಕಿಕೊಂಡು ಊರಿನ ನಲ್ಲಿಗಳೆಲ್ಲ ಬರೀ ಗೊರಕೆ ಹೊಡೆಯತೊಡಗಿದವು. ಹೊರಗಿನಿಂದ ಮುಳುಗು ತಜ್ಞರನ್ನು ಕರೆಸಿದ್ದರೆ ಒಂದು ಮಧ್ಯಾಹ್ನದ ಕೆಲಸ. ಆದರೆ ನಮ್ಮದು ಸ್ವಾವಲಂಬನೆಯಲ್ಲಿ ನಂಬಿಕೆಯಿಟ್ಟ ಸಂಸ್ಥೆ. ನಮ್ಮ ನೌಕರರನ್ನೇ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವ ವೃತ್ತಿಪರ ಸ್ಕೂಬಾ ತಜ್ಞರನ್ನಾಗಿ ಮಾಡಬೇಕು, ತರಬೇತಿ ತಿಂಗಳ ಕೊನೆಯೊಳಗೆ ಮುಗಿಯಬೇಕು ಎಂದು ಮೇಲಿನಿಂದ ಆದೇಶವಾಯಿತು. ಆದೇಶ ಒಂದೊಂದು ಮೇಜಿನ ಮೇಲೂ ಸ್ವಲ್ಪ ವಿಶ್ರಾಂತಿ ಪಡೆದು ನನ್ನ ಕೈಸೇರುವಾಗ ತಿಂಗಳಲ್ಲಿ ಒಂದು ವಾರ ಉಳಿದಿತ್ತು. ಅಂದೇ ಗೋಡೆಗೆ ಈ ಪ್ರಕಟಣೆ ಹಚ್ಚಲಾಯಿತು:

"ತರಬೇತಿ ಪೂರೈಸಿದವರಿಗೆ ಮಂಡಳಿಯಲ್ಲಿ ಖಾಯಂ ಹುದ್ದೆ ನೀಡಲಾಗುವುದು. ಈಜು ಬಲ್ಲವರು ಮುಂದೆ ಬರಬಾರದು. ಅವರು ತೇಲುವ ಸಂಭವವಿರುತ್ತದೆ."

ಮುಂದೆ ಬಂದವನು ಒಬ್ಬನೇ, ನಮ್ಮ ಉದ್ದಣ್ಣ. ಹತ್ತೊಂಬತ್ತು ವರ್ಷದಿಂದ ಹಂಗಾಮಿಯಾಗಿ ಮೇಜು ಮೇಜಿಗೆ ಕುಡಿಯುವ ನೀರು ತಂದಿಡುತ್ತಿದ್ದವನು. ಅದೇ ತಿಂಗಳ ಕೊನೆಗೆ ಹಂಗಾಮಿಗಳನ್ನೆಲ್ಲ ಮನೆಗೆ ಕಳಿಸುವುದೆಂದು ತೀರ್ಮಾನವಾಗಿದ್ದರಿಂದ, ಅವನ ಮುಂದೆ ಇದ್ದದ್ದು ಎರಡೇ ದಾರಿ: ನೀರಿಗಿಳಿಯುವುದು, ಇಲ್ಲವೇ ಬೀದಿಗಿಳಿಯುವುದು. ಆಯ್ಕೆ ಸಮಿತಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಆಳು ಇಷ್ಟು ಎತ್ತರವಿರುವುದರಿಂದ ಅವನ ಪಾಲಿಗೆ ಆಳ ಅಷ್ಟೇ ಕಡಿಮೆಯಾಗುತ್ತದೆ ಎಂದು ಒಪ್ಪಿಕೊಂಡಿತು.

ತರಬೇತಿ ಕೊಡಲು ಒಬ್ಬ ಮೇಡಂ ಬಂದರು. ಅರ್ಧ ಆಯುಸ್ಸನ್ನು ಸಮುದ್ರದ ಕೆಳಗೆ ಕಳೆದವರು, ಆದ್ದರಿಂದ ಕಚೇರಿಯ ಅನುಭವ ಸಾಲದು.

"ಕನಿಷ್ಠ ಮೂರು ತಿಂಗಳು ಬೇಕು ಸಾರ್. ದೇಹ ಒಗ್ಗಬೇಕು," ಎಂದರು ಅವರು ನಿರ್ದೇಶಕರಿಗೆ.

"ಯಾರ ದೇಹ?"

"ಇವರದ್ದು."

"ಅವನು ಹಂಗಾಮಿ. ಒಗ್ಗೋದಕ್ಕೆಲ್ಲ ಅವನಿಗೆ ರಜೆ ಬರಲ್ಲ."

ಅನಂತರ ಪಠ್ಯಕ್ರಮವನ್ನು ಸಂಕ್ಷೇಪಿಸಲಾಯಿತು. ಎದೆಮಟ್ಟದ ನೀರಿನಲ್ಲಿ ಹತ್ತು ಸಲ ಕುಳಿತೆದ್ದರೆ ಒಮ್ಮೆ ಆಳಕ್ಕೆ ಇಳಿದಂತೆ ಎಂದು ಪರಿಗಣಿಸತಕ್ಕದ್ದು. ರಾತ್ರಿ ಮುಳುಗುವ ಪಾಠವನ್ನು ಹಗಲಲ್ಲೇ ಕಣ್ಣು ಮುಚ್ಚಿಕೊಂಡು ಮುಗಿಸತಕ್ಕದ್ದು. ಸೆಳವಿನಲ್ಲಿ ಈಜುವ ಪಾಠಕ್ಕೆ ಇಬ್ಬರು ನೌಕರರು ಬಕೆಟ್ಟಿನಿಂದ ಅವನ ಮುಖಕ್ಕೆ ನೀರೆರಚಿದರು. ಅವರಲ್ಲಿ ಒಬ್ಬನಿಗೆ ಅವನ ಮೇಲೆ ಹಳೆಯ ಸಿಟ್ಟಿದ್ದುದರಿಂದ ಸೆಳವು ಜೋರಾಗಿಯೇ ಇತ್ತು. ಮೇಡಂ ಮಾತ್ರ ತಲೆ ಚಚ್ಚಿಕೊಂಡು, ಕಚೇರಿ ಬಾಗಿಲು ತೆಗೆಯುವ ಮೊದಲು ಮತ್ತು ಮುಚ್ಚಿದ ಮೇಲೆ ಅವನನ್ನು ಜಲಾಶಯಕ್ಕೆ ಕರೆದೊಯ್ದು ನಿಜವಾದ ವಿದ್ಯೆ ಕಲಿಸುತ್ತಿದ್ದರು. ಅದು ಕೆಲಸದ ವೇಳೆಯಲ್ಲಿ ನಡೆಯದ ಕಾರಣ ತರಬೇತಿಯಲ್ಲಿ ಸೇರಿಲ್ಲ.

ಒಂದು ಪಾಠ ಮಾತ್ರ ನಮ್ಮವರ ಮನಸ್ಸು ಗೆದ್ದಿತು. ಕೆಳಗಿನಿಂದ ಒಂದೇ ಉಸಿರಿಗೆ ಮೇಲೆ ಬರಬಾರದು, ನಡುವೆ ನಿಂತು ನಿಂತು ಬರಬೇಕು, ಇಲ್ಲದಿದ್ದರೆ ರಕ್ತದಲ್ಲಿ ಗುಳ್ಳೆಯೆದ್ದು ಪ್ರಾಣಕ್ಕೇ ಕುತ್ತು ಎಂದು ಮೇಡಂ ವಿವರಿಸಿದಾಗ ಸೂಪರಿಂಟೆಂಡೆಂಟರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

"ನಾವು ಇಷ್ಟು ವರ್ಷ ಮಾಡ್ತಾ ಬಂದಿರೋದು ಇದನ್ನೇ ಅಲ್ವಾ? ಫೈಲು ಗಡಿಬಿಡಿಯಲ್ಲಿ ಮೇಲೆ ಹೋದ್ರೆ ಯಾರಿಗಾದ್ರೂ ಏನಾದ್ರೂ ಆಗೇ ಆಗುತ್ತೆ. ಜನ ಸುಮ್ಮನೆ ನಮ್ಮನ್ನ ಬೈತಾರೆ."

ಈ ಹುಮ್ಮಸ್ಸಿನಲ್ಲೇ ಅವರು ಹೊಸ ನಿಯಮವೊಂದನ್ನು ರಚಿಸಿದರು: ತಳದಲ್ಲಿರುವ ನೌಕರನು ಮೇಲಧಿಕಾರಿಗಳ ಮೂಲಕ ಅನುಮತಿ ಪಡೆಯದೆ ಮೇಲೆ ಬರತಕ್ಕದ್ದಲ್ಲ.

ಪರೀಕ್ಷೆ ತಿಂಗಳ ಕೊನೆಯ ದಿನ ನಡೆಯಿತು. ಮೇಡಂಗೆ ಕೊಟ್ಟ ಪ್ರವೇಶ ಚೀಟಿ ತರಬೇತಿಯ ದಿನಗಳಿಗೆ ಮಾತ್ರ ಸಲ್ಲುತ್ತಿದ್ದರಿಂದ ಅವರನ್ನು ಗೇಟಿನ ಹೊರಗೆ ನಿಲ್ಲಿಸಲಾಗಿತ್ತು. ನಿರ್ದೇಶಕರು ದಂಡೆಯ ಮೇಲೆ ಕುರ್ಚಿಯಲ್ಲಿ, ಸೂಪರಿಂಟೆಂಡೆಂಟರು ದೋಣಿಯಲ್ಲಿ, ನಾನು ದೋಣಿಯ ಏಣಿ ಹಿಡಿದು ಕತ್ತಿನವರೆಗೆ ನೀರಿನಲ್ಲಿ, ಉದ್ದಣ್ಣ ತಳದಲ್ಲಿ. ಎಲ್ಲರ ಕೈಯಲ್ಲೂ ಹಾದು ಹೋಗುವ ಒಂದು ಹಗ್ಗ. ಕೆಳಗಿನಿಂದ ಮೂರು ಸಲ ಜಗ್ಗಿದರೆ ಮೇಲೆ ಬರಲು ಅನುಮತಿ ಕೋರಿದಂತೆ.

ಇಳಿಯುವ ಮುಂಚೆ ಅವನು ನನ್ನ ಕಿವಿಯಲ್ಲಿ, "ನನ್ನ ಹೆಂಡ್ತಿ ಬೆಳಿಗ್ಗೆಯಿಂದ ಒಂದು ಮಾತೂ ಆಡಿಲ್ಲ ಸಾರ್. ಖಾಯಂ ಆದ್ರೆ ಆಡ್ತಾಳೆ," ಎಂದ.

ಅವನು ಕೆಲಸದಲ್ಲಿ ಮೈಗಳ್ಳತನ ಮಾಡಿದವನಲ್ಲ. ಸ್ವಲ್ಪ ಹೊತ್ತಿನಲ್ಲೇ ಜಾಲರಿಗೆ ಸುತ್ತಿಕೊಂಡಿದ್ದನ್ನು ಬಿಡಿಸಿ ಮೇಲಕ್ಕೆ ತೇಲಿಬಿಟ್ಟ. ಅದು ಮಂಡಳಿಯ ಜಲಾಶಯ ಸ್ವಚ್ಛತಾ ಅಭಿಯಾನದ ದೊಡ್ಡ ಬ್ಯಾನರು. ಅದರ ಮೇಲಿದ್ದ ನಿರ್ದೇಶಕರ ನಗುಮುಖವೇ ಊರಿನ ನೀರನ್ನು ತಡೆದು ನಿಂತಿತ್ತು. ನಿರ್ದೇಶಕರ ಚಿತ್ರವಾದ್ದರಿಂದ ಅದು ಅನುಮತಿ ಇಲ್ಲದೆ ಮೇಲೆ ಬಂದುದಕ್ಕೆ ಯಾರೂ ಆಕ್ಷೇಪಿಸಲಿಲ್ಲ. ಊರಿನಲ್ಲಿ ನಲ್ಲಿ ತಿರುಗಿಸುವ ಸಮಾರಂಭಕ್ಕೆಂದು ನಿರ್ದೇಶಕರು ಕಾರು ಹತ್ತಿ ಹೊರಟೇಬಿಟ್ಟರು.

ಆಗ ನನ್ನ ಕೈಯಲ್ಲಿ ಹಗ್ಗ ಮೂರು ಸಲ ಜಗ್ಗಿತು. ನಾನು ಮೇಲಕ್ಕೆ ಜಗ್ಗಿದೆ.

"ಸಾರ್, ಉದ್ದಣ್ಣ ಮೇಲೆ ಬರ್ತೀನಿ ಅಂತಿದಾನೆ."

"ಕಾರಣ?" ಎಂದರು ಸೂಪರಿಂಟೆಂಡೆಂಟರು.

"ಗಾಳಿ ಮುಗೀತಾ ಬಂದಿರಬೇಕು."

"ಇರಬೇಕು ಅಂದ್ರೆ ಆಗಲ್ಲ. ಇಳಿಸೋ ಅಧಿಕಾರ ನನಗಿದೆ, ಎತ್ತೋ ಅಧಿಕಾರ ಸಾಹೇಬರದ್ದು. ಅವರು ಬರ್ಲಿ."

ಹಗ್ಗ ಮತ್ತೆ ಜಗ್ಗಿತು. ಆಮೇಲೆ ಎಡೆಬಿಡದೆ ಜಗ್ಗತೊಡಗಿತು. ಗೇಟಿನ ಹೊರಗೆ ಮೇಡಂ ಕೂಗುತ್ತಲೇ ಇದ್ದರು. ನನಗೆ ಸಿಟ್ಟು ಬಂತು. ಆದರೆ ಸಿಟ್ಟು ಗುಮಾಸ್ತನ ವ್ಯಾಪ್ತಿಗೆ ಬರುವುದಿಲ್ಲವಾದ್ದರಿಂದ ಏಣಿಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡೆ.

ಮೇಡಂ ಹೇಳಿಕೊಟ್ಟಂತೆ ನಡುವೆ ನಿಂತು ನಿಂತು ಉದ್ದಣ್ಣ ತಾನಾಗಿಯೇ ಮೇಲೆ ಬಂದ. ನನ್ನ ಪಕ್ಕದಲ್ಲಿ ಏಣಿಗೆ ಜೋತುಬಿದ್ದು, ಜಗತ್ತಿನ ಗಾಳಿಯನ್ನೆಲ್ಲ ಒಂದೇ ಸಲ ಎಳೆದುಕೊಳ್ಳುವವನಂತೆ ಏದುಸಿರು ಬಿಟ್ಟ.

"ಅನುಮತಿ ಬಂತಾ?" ಎಂದು ಕೇಳಿದರು ಸೂಪರಿಂಟೆಂಡೆಂಟರು.

"ಗಾಳಿ ಖಾಲಿ ಸಾರ್."

"ನಾನು ಕೇಳಿದ್ದು ಗಾಳಿ ವಿಷಯ ಅಲ್ಲ."

ಸಂಜೆ ಕೊರಳ ತುಂಬ ಹಾರ ಹಾಕಿಕೊಂಡು ಬಂದ ನಿರ್ದೇಶಕರು ಸಮಸ್ಯೆಯನ್ನು ಶಾಂತವಾಗಿ ಕೇಳಿದರು. ಅನುಮತಿ ಇಲ್ಲದೆ ಬಂದಿದ್ದರೆ ಅದು ಅಶಿಸ್ತು; ಅಶಿಸ್ತಿನ ಅಭ್ಯರ್ಥಿ ಅನುತ್ತೀರ್ಣ; ಅನುತ್ತೀರ್ಣನಾದ ಹಂಗಾಮಿ ನಾಳೆಯಿಂದ ಮನೆಗೆ.

"ಬರದೇ ಇದ್ದಿದ್ರೆ ಸಾರ್?" ಎಂದು ಉದ್ದಣ್ಣ ಹಲ್ಲು ಕಟಕಟಿಸುತ್ತ ಕೇಳಿದ.

"ಬರದೇ ಇದ್ದಿದ್ರೆ ಇಳಿಯೋ ಪರೀಕ್ಷೆ ಪಾಸು. ಹುದ್ದೆ ಖಾಯಂ."

ಉದ್ದಣ್ಣ ನೀರನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ.

"ಹಾಗಾದ್ರೆ ನಾನು ಬಂದಿಲ್ಲ ಸಾರ್."

ಎಲ್ಲರಿಗೂ ನಿರಾಳವಾಯಿತು. ಅಂದೇ ಆದೇಶ ಹೊರಟಿತು: ಉದ್ದಣ್ಣ ತಳದಲ್ಲಿ ಖಾಯಂ. ಮರುದಿನ ಕಚೇರಿಯಲ್ಲಿ ಮೇಜಿಗೆ ನೀರು ತಂದಿಡುವವರಿಲ್ಲದೆ ಪರದಾಟವಾದಾಗ, ಎದುರಿಗೇ ನಿಂತಿದ್ದ ಉದ್ದದ ಆಳೊಬ್ಬನನ್ನು ಹಂಗಾಮಿಯಾಗಿ ನೇಮಿಸಿಕೊಳ್ಳಲಾಯಿತು. ಖಾಯಂ ಸಂಬಳ ಖುದ್ದಾಗಿ ಬಂದು ಪಡೆಯಬೇಕಾದ್ದರಿಂದ ಅದು ಕಚೇರಿಯಲ್ಲಿ ಭದ್ರವಾಗಿದೆ. ಕೂಲಿ ಮಾತ್ರ ಇವನ ಕೈಗೆ ಸಿಗುತ್ತಿದೆ.

ಮೊನ್ನೆ ವಾರ್ಷಿಕ ತಪಾಸಣೆ ಬಂತು. ತಳದ ನೌಕರರು ಜಾಗದಲ್ಲಿದ್ದಾರೆಯೇ ಎಂದು ಇಳಿದು ನೋಡಿ ಬರಬೇಕಾಗಿತ್ತು. ಇಳಿಯಲು ಬಲ್ಲವನು ಈ ಹಂಗಾಮಿ ಒಬ್ಬನೇ. ಈ ಸಲ ಮೇಲೆ ಬರುವ ಅನುಮತಿಯನ್ನು ಮುಂಗಡವಾಗಿಯೇ ಕೊಡಲಾಗಿತ್ತು. ಬಹಳ ಹೊತ್ತು ಕೆಳಗಿದ್ದು ಬಂದು, "ಇದಾರೆ ಸಾರ್," ಎಂದಷ್ಟೇ ವರದಿ ಮಾಡಿದ. ತಪಾಸಕರು ಸಂತೋಷಪಟ್ಟರು.

ಸಂಜೆ ಅವನಿಗೆ ಮೈನಡುಕ ನಿಲ್ಲದಿದ್ದರಿಂದ ನಾನೇ ಮನೆಯವರೆಗೆ ಬಿಡಲು ಹೋದೆ. ಬಾಗಿಲಲ್ಲೇ ಹೆಂಡತಿ ಕೇಳಿದಳು:

"ನೋಡಿದ್ರಾ ಅವರನ್ನ?"

"ನೋಡ್ದೆ."

"ಹೇಗಿದಾರೆ?"

"ಚೆನ್ನಾಗೇ ಇದಾನೆ. ಸ್ವಲ್ಪ ಸೊರಗಿದಾನೆ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಕೆಳಗೆ ಚಳಿ ಇರುತ್ತಲ್ವಾ? ಒಂದು ಸ್ವೆಟರ್ ಕೊಟ್ಟು ಕಳಿಸ್ತೀನಿ."

"ಬೇಡಮ್ಮ, ಖಾಯಂ ನೌಕರರಿಗೆ ಮಂಡಳಿಯೇ ಸ್ವೆಟರ್ ಕೊಡುತ್ತೆ," ಎಂದೆ ನಾನು.

ಅವಳು ಬಾಗಿಲಲ್ಲಿ ಒದ್ದೆ ಬಟ್ಟೆಯಲ್ಲಿ ನಡುಗುತ್ತ ನಿಂತಿದ್ದ ಗಂಡನ ಕಡೆ ಕೈ ತೋರಿಸಿದಳು.

"ಇವರಿಗೆ?"

ನಾನು ಬಾಯಿ ತೆರೆಯುವ ಮೊದಲೇ ಅವನೇ ಹೇಳಿದ:

"ನನಗೆ ಹೇಗೆ ಕೊಡ್ತಾರೆ? ನಾನು ಹಂಗಾಮಿ."