ಬಸ್ತಾದ ಅಂಗಡಿಯಲ್ಲಿ ಓದಿದವಳು

ನಿಪ್ಪಾಣಿಯ ಸುತ್ತಮುತ್ತ ಆದ ಅದೆಷ್ಟೋ ಮದುವೆಗಳಿಗೆ ಸೀರೆ ಆರಿಸಿಕೊಟ್ಟವಳು ನಮ್ಮ ಅಕ್ಕ ಎಂದರೆ ನೀವು ನಂಬಬೇಕು. ಆ ವಧುಗಳ ಹೆಸರು ಆಕೆಗೆ ಗೊತ್ತಿಲ್ಲ, ವರಗಳ ಊರೂ ಗೊತ್ತಿಲ್ಲ. ಕರೆದವರಂತೂ ಯಾರೂ ಇಲ್ಲ. ಆಕೆ ಸೀರೆ ಅಂಗಡಿಗೆ ಹೋಗುತ್ತಿದ್ದದ್ದು ಓದಲಿಕ್ಕೆ! ಇದನ್ನು ನೆನೆದು ನಗಬೇಕೆಂದೇ ಶುರು ಮಾಡುತ್ತೇನೆ, ಪೂರ್ತಿ ನಗಲು ಆಗುವುದಿಲ್ಲ.

ಅಕ್ಕ ಎಂದರೆ ದೊಡ್ಡವ್ವನ ಮಗಳು. ಮೊಬೈಲು ಇನ್ನೂ ಗಂಡಸರ ಕಿಸೆಯಲ್ಲಷ್ಟೇ ಇದ್ದ ಕಾಲ. ನಾವಿಬ್ಬರೂ ಮುಗಳಖೋಡದಿಂದ ಡಿ.ಎಡ್. ಓದಲು ನಿಪ್ಪಾಣಿಗೆ ಬಂದು, ಕೈಗೆಟುಕುವ ಬಾಡಿಗೆಗೆ ಒಂದು ಖೋಲಿ ಹಿಡಿದೆವು. ಬಾಡಿಗೆ ಯಾಕೆ ಅಷ್ಟು ಕಡಿಮೆ ಎಂಬುದು ಮರುದಿನ ಬೆಳಿಗ್ಗೆ ತಿಳಿಯಿತು. ಕೆಳಗೆ ಖಾರ ಕುಟ್ಟುವ ಗಿರಣಿ. ಅದು ಶುರುವಾಯಿತೆಂದರೆ ಗೋಡೆಗೆ ಒರಗಿಸಿಟ್ಟ ಪುಸ್ತಕ ತಾನೇ ನಡೆದು ಬಾಗಿಲಿಗೆ ಬರುತ್ತಿತ್ತು. ಅದರ ಮೇಲೆ ಖಾರದ ಘಾಟಿಗೆ ಸೀನು ಬೇರೆ. ಅಕ್ಕನಿಗಿದ್ದದ್ದು ಒಂದೇ ಹಟ: ಪಾಸಾಗಿ ಟೀಚರಾಗಬೇಕು, ಅದೂ ಮನೆಯವರು ಗಂಡು ಹುಡುಕಿ ಮುಗಿಸುವುದರೊಳಗೆ. ಅವರ ಹುಡುಕಾಟವೂ ಜೋರಾಗಿಯೇ ನಡೆದಿತ್ತು.

ಹೀಗಾಗಿ ಆಕೆ ಊರಲ್ಲಿ ಪುಕ್ಕಟೆ ಶಾಂತಿ ಹುಡುಕಲು ಹೊರಟಳು. ಹುಡುಗಿಯೊಬ್ಬಳು ಪುಸ್ತಕ ಹಿಡಿದು ಕಟ್ಟೆಯ ಮೇಲೆ ಒಬ್ಬಳೇ ಕೂತರೆ ಊರು ಸುಮ್ಮನಿರುತ್ತದೆಯೇ? ಬಸ್ ಸ್ಟ್ಯಾಂಡಿನಲ್ಲಿ ನಿಂತ ಖಾಲಿ ಬಸ್ಸೇ ವಾಸಿ ಎಂದು ಏಕಸಂಬಿ ಬಸ್ಸು ಹತ್ತಿ ಕೂತಳು. ಅದು ಬಿಟ್ಟದ್ದು ಆಕೆಗೆ ತಿಳಿಯಲೇ ಇಲ್ಲ. ಸಂಜೆ ಖೋಲಿಗೆ ಬಂದವಳನ್ನು ನಾನು ಬಾಗಿಲಲ್ಲೇ ಹಿಡಿದೆ.

"ಎಲ್ಲಿ ಹೋಗಿದ್ದಿ ಅಕ್ಕಾ? ಜೀವ ಬಾಯಿಗೆ ಬಂದಿತ್ತ ನಂದು."

"ಏಕಸಂಬಿಗೆ."

"ಯಾಕ?"

"ಒಂದ ಪಾಠ ಮುಗಸಾಕ. ಹೋಗುವಾಗ ಅರ್ಧ, ಬರುವಾಗ ಅರ್ಧ. ಛಲೋ ಆತ ನೋಡ."

ಕೊನೆಗೆ ಆಕೆಗೆ ಸಿಕ್ಕಿದ್ದು ಪೇಟೆಯ ಸೀರೆ ಅಂಗಡಿ. ಮದುವೆಯ ಬಟ್ಟೆ ಖರೀದಿಗೆ ನಮ್ಮ ಕಡೆ ಬಸ್ತಾ ಅನ್ನುತ್ತಾರೆ. ಹೆಣ್ಣಿನವರದೊಂದು ಟೆಂಪೋ, ಗಂಡಿನವರದೊಂದು ಟೆಂಪೋ. ಗಾದಿಯ ಮೇಲೆ ಕೂತರೆಂದರೆ ಊಟದ ಹೊತ್ತು ದಾಟಿದರೂ ಏಳುವುದಿಲ್ಲ. ಅಕ್ಕ ಗಾದಿಯ ಅಂಚಿನಲ್ಲಿ ಪುಸ್ತಕ ತೆರೆದು ಕೂಡುತ್ತಿದ್ದಳು. ಗಂಡಿನವರು ಆಕೆಯನ್ನು ಹೆಣ್ಣಿನ ಕಡೆಯವಳು ಅಂದುಕೊಳ್ಳುವರು, ಹೆಣ್ಣಿನವರು ಗಂಡಿನ ಕಡೆಯವಳು. ಬೀಗರ ಹುಡುಗಿಯನ್ನು "ನೀ ಯಾರವಾ?" ಎಂದು ಕೇಳುವ ಧೈರ್ಯ ಯಾರಿಗಿದೆ? ತಲೆಯ ಮೇಲೆ ಫ್ಯಾನು, ಕೈಗೆ ಚಹಾ. ಗದ್ದಲವಿಲ್ಲವೇ ಅಂತ ನಾನೂ ಕೇಳಿದ್ದೆ.

"ಗದ್ದಲ ಇರತೈತಿ, ಖರೆ ಒಬ್ಬರೂ ನನ್ನ ಜೋಡಿ ಮಾತಾಡೂದಿಲ್ಲ. ಅದ ಶಾಂತಿ," ಅಂದಳು.

ಒಮ್ಮೆ ನಾನೂ ಜೊತೆಗಿದ್ದೆ. ಒಂದು ಸೀರೆಯ ಬಣ್ಣಕ್ಕೆ ಎರಡೂ ಕಡೆಯವರಿಗೆ ಜಗಳ ಹತ್ತಿತು. ವಯಸ್ಸಾದ ಹೆಂಗಸೊಬ್ಬಳು ಬೇಸತ್ತು ಅಕ್ಕನತ್ತ ತಿರುಗಿ, "ನೀವರ ಹೇಳ್ರಿ, ಯಾವದ ಇರಲಿ?" ಅಂದಳು. ಅಕ್ಕ ಪುಟದಿಂದ ಒಮ್ಮೆ ಕಣ್ಣೆತ್ತಿ, "ಅಂಜೂರಿ ಬಣ್ಣದ್ದು," ಎಂದು ಮತ್ತೆ ಓದತೊಡಗಿದಳು. ಹೆಣ್ಣಿನವರು ಅದು ಬೀಗರ ಮಾತೆಂದು ಒಪ್ಪಿದರು. ಗಂಡಿನವರೂ ಅದು ಬೀಗರ ಮಾತೆಂದೇ ಒಪ್ಪಿದರು. ಏಳುವಾಗ ಆಕೆಗೆ ಕುಂಕುಮ ಹಚ್ಚಿ ಕುಪ್ಪಸದ ಖಣವನ್ನೂ ಕೊಟ್ಟರು.

ಸೀರೆ ತೋರಿಸುವವನಿಗೆ ಮಾತ್ರ ಗುಟ್ಟು ಗೊತ್ತಿತ್ತು. ಜಗಳ ಬೇಗ ಮುಗಿಸುವವಳೆಂದು ಆತನಿಗೂ ಆಕೆ ಬೇಕಾಗಿದ್ದಳು. ಕಂಡೊಡನೆ ನಗುತ್ತ, "ಅಕ್ಕಾರ, ಇವತ್ತ ಯಾರ ಕಡ್ಯಾವರು?" ಎಂದು ಮೆಲ್ಲಗೆ ಕೇಳುವನು. "ಪರೀಕ್ಷಾ ಕಡ್ಯಾಕಿರಿ," ಎನ್ನುವಳು ಅಕ್ಕ.

ಪರೀಕ್ಷೆ ಹತ್ತಿರ ಬಂತು. ಆಗಲೇ ಇನ್ನೊಂದು ಬಸ್ತಾವೂ ಬಂತು. ಈ ಸಲ ಅಕ್ಕನನ್ನು ಗಾದಿಯ ನಟ್ಟನಡುವೆ ಕೂರಿಸಿದರು. ಒಂದು ಮಗ್ಗುಲಿಗೆ ದೊಡ್ಡವ್ವ, ಇನ್ನೊಂದು ಮಗ್ಗುಲಿಗೆ ಆಗಲಿರುವ ಅತ್ತೆ. ಮದುವೆ ಪರೀಕ್ಷೆಯ ವಾರಕ್ಕೇ ನಿಗದಿಯಾಗಿತ್ತು. "ಪರೀಕ್ಷಾ ಮುಂದಿನ ವರ್ಷಾನೂ ಬರತೈತಿ. ಇಂಥಾ ಮನಿತನ ಬರತೈತೇನ?" ಎಂದು ದೊಡ್ಡಪ್ಪ ಮಾತು ಮುಗಿಸಿದ್ದರು.

ಸೀರೆಯ ರಾಶಿ ಹೊತ್ತು ಬಂದವನು ಎಂದಿನಂತೆ ನಕ್ಕ. "ಅಕ್ಕಾರ, ಇವತ್ತ ಯಾರ ಕಡ್ಯಾವರು?"

ಅಕ್ಕ ದೊಡ್ಡವ್ವನನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಆತನಿಗೆ ತಿಳಿಯಿತು, ತಲೆ ತಗ್ಗಿಸಿ ಸೀರೆಯ ಮಡಿಕೆ ಬಿಚ್ಚತೊಡಗಿದ.

"ಯಾವದ ಬೇಕವಾ ನಿನಗ?" ಅತ್ತೆ ಕೇಳಿದರು.

"ನಿಮಗ ಯಾವದ ಚಂದ ಅನಸ್ತೈತಿ ಅದ ಇರಲ್ರಿ," ಅಂದಳು ಊರವರಿಗೆಲ್ಲ ಸೀರೆ ಆರಿಸಿಕೊಟ್ಟವಳು. ಆಮೇಲೆ ನನ್ನ ಕಡೆ ಬಾಗಿ, "ಪುಸ್ತಕ ತಂದಿಯೇನ?" ಎಂದು ಪಿಸುಗುಟ್ಟಿದಳು. ತಂದಿದ್ದೆ. ಸೀರೆಗಳ ಅಡಿಯಿಂದ ಅದನ್ನು ಆಕೆಯ ತೊಡೆಗೆ ಸರಿಸಿದೆ. ಆದರೆ ಯಾರಾದರೊಬ್ಬರು ಆಕೆಯ ಹೆಗಲಿಗೆ ಸೀರೆ ಹೊದಿಸುತ್ತಲೇ ಇದ್ದರು. ಅದನ್ನು ತೆರೆಯಲು ಕೊನೆಗೂ ಆಗಲಿಲ್ಲ.

ಆ ಪರೀಕ್ಷೆಯನ್ನು ಆಕೆ ಎಂದೂ ಬರೆಯಲಿಲ್ಲ. ನಾನು ಟೀಚರಾದೆ. ಬಸ್ತಾಕ್ಕೆ ಯಾರು ಕರೆದರೂ ನಿಪ್ಪಾಣಿಗೆ ಹೋಗುತ್ತೇನೆ, ಗಾದಿಯ ಅಂಚಿನಲ್ಲಿ ಒಬ್ಬರು ಕೂಡುವಷ್ಟು ಜಾಗ ಬಿಟ್ಟು ಕೂಡುತ್ತೇನೆ. "ತುಸು ಆಚೆ ಸರೀರಿ, ಇಲ್ಲಿ ಯಾರ ಅದಾರ?" ಎಂದು ಯಾರಾದರೂ ಕೇಳಿದರೆ, "ನಮ್ಮಕ್ಕ ಬರಾಕಿ ಅದಾಳ್ರಿ," ಅನ್ನುತ್ತೇನೆ.